ರೋಮ್‌ನ ಸಾಲುಗಳಲ್ಲಿ ಹೆತ್ತವರನ್ನು ನಿಲ್ಲಿಸಬೇಡಿ

2023ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಎಪ್ಪತ್ತು ದಾಟಿದ ನನ್ನ ಅಮ್ಮ ರೋಮ್‌ನಲ್ಲಿ ವ್ಯಾಟಿಕನ್ ಮ್ಯೂಸಿಯಂನ ಎತ್ತರದ ಇಟ್ಟಿಗೆ ಗೋಡೆಯ ಪಕ್ಕದಲ್ಲಿ ಎರಡೂವರೆ ಗಂಟೆ ಬಿಸಿಲಿನಲ್ಲಿ ನಿಂತಿದ್ದರು. ನಾನು ಕೆಲಸದ ನಿಮಿತ್ತ ಜರ್ಮನಿಯಲ್ಲಿರುವವಳು. ಅಮ್ಮ ಶಿವಮೊಗ್ಗದಿಂದ ಮೊದಲ ಬಾರಿಗೆ ಯುರೋಪಿಗೆ ಬಂದಿದ್ದರು. ವೀಸಾ ಕೈಗೆ ಬರುವುದೇ ತಡವಾದ್ದರಿಂದ ನಾನು ಟಿಕೆಟ್‌ಗಳನ್ನು ಮುಂಚಿತವಾಗಿ ಕೊಂಡಿರಲಿಲ್ಲ, ಅಲ್ಲಿಗೆ ಹೋದ ಮೇಲೆ ಕೊಂಡರಾಯಿತು ಎಂದುಕೊಂಡಿದ್ದೆ. ಕೊನೆಗೂ ಮ್ಯೂಸಿಯಂನೊಳಗಿನ ಪ್ರಾರ್ಥನಾ ಮಂದಿರವಾದ ಸಿಸ್ಟೈನ್ ಚಾಪೆಲ್ ತಲುಪಿದಾಗ ಅಮ್ಮ ಗೋಡೆಬದಿಯ ಬೆಂಚಿನ ಮೇಲೆ ಕುಳಿತು ಕಣ್ಣು ಮುಚ್ಚಿದರು. ಮೈಕೆಲ್ಯಾಂಜೆಲೊ 1508ರಿಂದ 1512ರವರೆಗೆ ಚಿತ್ರಿಸಿದ ಆ ಚಾವಣಿಯನ್ನು ತಲೆಯೆತ್ತಿ ನೋಡುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಆ ಬೇಸರ ನನ್ನಲ್ಲಿ ಇನ್ನೂ ಇದೆ. ವಿದೇಶದಲ್ಲಿರುವ ನಮ್ಮಂಥವರು ಊರಿನಿಂದ ತಂದೆ ತಾಯಿಯನ್ನು ಕರೆಸಿಕೊಂಡು ಇಂಥ ನಗರಗಳನ್ನು ತೋರಿಸುವಾಗ ಇದೇ ತಪ್ಪು ಮತ್ತೆ ಮತ್ತೆ ಆಗುವುದನ್ನು ಕಂಡು ಈ ಬರಹ ಬರೆಯುತ್ತಿದ್ದೇನೆ.

ಮೊದಲಿಗೆ ತಿಳಿಯಬೇಕಾದದ್ದು, ಅಲ್ಲಿರುವ ಸಾಲುಗಳು ಎರಡು ಬಗೆಯವು. ಒಂದು ಟಿಕೆಟ್ ಕೊಳ್ಳುವ ಸಾಲು, ಇನ್ನೊಂದು ಭದ್ರತಾ ತಪಾಸಣೆಯ ಸಾಲು. ‘ಸ್ಕಿಪ್ ದ ಲೈನ್’ ಎಂದು ಎಷ್ಟೇ ದುಬಾರಿಗೆ ಮಾರಿದರೂ ಆ ಟಿಕೆಟ್ ತಪ್ಪಿಸುವುದು ಮೊದಲನೆಯ ಸಾಲನ್ನು ಮಾತ್ರ. ಬ್ಯಾಗುಗಳ ತಪಾಸಣೆ ಎಲ್ಲರಿಗೂ ಇದ್ದೇ ಇರುತ್ತದೆ. ಮೊದಲನೆಯದನ್ನು ತಪ್ಪಿಸಲು ದಲ್ಲಾಳಿಯ ಅಗತ್ಯವೂ ಇಲ್ಲ. ವ್ಯಾಟಿಕನ್ ಮ್ಯೂಸಿಯಂನ ಸ್ವಂತ ಜಾಲತಾಣದಲ್ಲಿ 20 ಯೂರೊ ಟಿಕೆಟ್‌ಗೆ 5 ಯೂರೊ ಹೆಚ್ಚು ಕೊಟ್ಟು ಸಮಯ ಕಾಯ್ದಿರಿಸಿದ್ದರಿಂದ, 2024ರ ನವೆಂಬರ್‌ನಲ್ಲಿ ಅಮ್ಮನನ್ನು ಮತ್ತೆ ಕರೆದೊಯ್ದಾಗ ನಾವು ಕಾಲು ಗಂಟೆಯೊಳಗೆ ಒಳಗಿದ್ದೆವು. ಆ ಐದು ಯೂರೊವನ್ನು ಹಿಂದಿನ ವರ್ಷ ಕೊಟ್ಟಿದ್ದರೆ ಎಂದು ಅಂದು ಎಷ್ಟು ಸಲ ಅಂದುಕೊಂಡೆನೋ!

ರೋಮ್‌ನ ಪ್ರಾಚೀನ ಬಯಲು ಕ್ರೀಡಾಂಗಣವಾದ ಕೊಲೋಸಿಯಂನ ವಿಷಯ ಸ್ವಲ್ಪ ಕಠಿಣ. ಅದರೊಳಗೆ ಒಂದು ಹೊತ್ತಿಗೆ 3,000 ಜನರಿಗಿಂತ ಹೆಚ್ಚು ಇರುವಂತಿಲ್ಲ, ಆದ್ದರಿಂದ ಟಿಕೆಟ್‌ಗಳ ಸಂಖ್ಯೆಗೇ ಮಿತಿಯಿದೆ. ಅವು 30 ದಿನ ಮೊದಲು ಮಾರಾಟಕ್ಕೆ ಬರುತ್ತವೆ, ಬೇಗನೆ ಖಾಲಿಯೂ ಆಗುತ್ತವೆ. ಹಲವು ವರ್ಷ ತಂತ್ರಾಂಶಗಳ ಮೂಲಕ ಸಗಟಾಗಿ ಕೊಂಡು ಹೆಚ್ಚಿನ ಬೆಲೆಗೆ ಮಾರುವ ದಂಧೆ ನಡೆದಿತ್ತು; ಇಟಲಿಯ ಸ್ಪರ್ಧಾ ಪ್ರಾಧಿಕಾರವು 2025ರ ಏಪ್ರಿಲ್‌ನಲ್ಲಿ ಇದಕ್ಕಾಗಿ ಹಲವು ಸಂಸ್ಥೆಗಳಿಗೆ ಒಟ್ಟು ಸುಮಾರು 2 ಕೋಟಿ ಯೂರೊ ದಂಡ ವಿಧಿಸಿತು. ಈ ದಂಧೆಯನ್ನು ತಡೆಯಲೆಂದೇ 2023ರ ಅಕ್ಟೋಬರ್‌ನಿಂದ ಟಿಕೆಟ್ ಮೇಲೆ ನೋಡುಗರ ಹೆಸರನ್ನು ನಮೂದಿಸಲಾಗುತ್ತಿದೆ. ನಮ್ಮವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಊರಿನಲ್ಲಿ ಇನಿಷಿಯಲ್ ಹಾಕಿ ಬರೆಯುವ ಹೆಸರು ಪಾಸ್‌ಪೋರ್ಟ್‌ನಲ್ಲಿ ಬೇರೆ ರೀತಿ ಬಿಡಿಸಿಕೊಂಡಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹೆಸರು ತುಂಬಿ, ಆ ದಿನ ಪಾಸ್‌ಪೋರ್ಟನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತವಾದರೂ ಅವರ ಹೆಸರಿನಲ್ಲಿಯೂ ಟಿಕೆಟ್ ಪಡೆಯಬೇಕೆಂಬುದನ್ನು ಮರೆಯಬಾರದು. ಅದೇ ಟಿಕೆಟ್‌ನಲ್ಲಿ ಪಕ್ಕದಲ್ಲೇ ಇರುವ ಪ್ರಾಚೀನ ಅವಶೇಷಗಳಾದ ರೋಮನ್ ಫೋರಂ ಮತ್ತು ಪ್ಯಾಲಟೈನ್ ಬೆಟ್ಟವನ್ನೂ ನೋಡಬಹುದು.

ವೀಸಾ ಬಾರದೆ ಟಿಕೆಟ್ ಕೊಳ್ಳುವುದು ಹೇಗೆ ಎಂಬ ಚಿಂತೆ ನನಗೂ ಇತ್ತು. ನಲವತ್ತು ಐವತ್ತು ಯೂರೊ ನಷ್ಟವಾದೀತೆಂಬ ಭಯದಿಂದ ಲಕ್ಷಗಟ್ಟಲೆ ಖರ್ಚಿನ ಪ್ರವಾಸದ ಒಂದು ಇಡೀ ಹಗಲನ್ನು ಕಳೆದುಕೊಳ್ಳುವುದು ತಪ್ಪು ಲೆಕ್ಕ ಎಂದು ಈಗ ನನಗೆ ಖಚಿತವಾಗಿದೆ.

ಉಚಿತ ದಿನಗಳ ಬಗ್ಗೆಯೂ ನನ್ನ ಅಭಿಪ್ರಾಯ ಸ್ಪಷ್ಟ. ಪ್ರತಿ ತಿಂಗಳ ಮೊದಲ ಭಾನುವಾರ ಕೊಲೋಸಿಯಂ ಸೇರಿದಂತೆ ಸರ್ಕಾರಿ ಮ್ಯೂಸಿಯಂಗಳಿಗೆ, ಕೊನೆಯ ಭಾನುವಾರ ವ್ಯಾಟಿಕನ್ ಮ್ಯೂಸಿಯಂಗೆ ಪ್ರವೇಶ ಶುಲ್ಕವಿಲ್ಲ. ಹಣವಿಲ್ಲದ ವಿದ್ಯಾರ್ಥಿಗಳಿಗೆ ಅದು ದೊಡ್ಡ ಉಪಕಾರವೇ ಸರಿ, ಆದರೆ ಸಾಲುಗಳು ಇನ್ನೂ ಉದ್ದವಾಗಿರುವ ಆ ದಿನ ವಯಸ್ಸಾದವರನ್ನು ಕರೆದುಕೊಂಡು ಹೋಗಬಾರದು.

ವ್ಯಾಟಿಕನ್‌ನ ಮಹಾ ಚರ್ಚಾದ ಸೇಂಟ್ ಪೀಟರ್ಸ್ ಬೆಸಿಲಿಕಾದೊಳಗೆ ಹೋಗಲು ಟಿಕೆಟ್ಟೇ ಬೇಕಿಲ್ಲ, ಅಲ್ಲಿ ಇರುವುದು ತಪಾಸಣೆಯ ಸಾಲು ಮಾತ್ರ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುತ್ತದೆ. ಹತ್ತು ಗಂಟೆಗೆ ಅದರ ಮುಂದಿನ ಚೌಕವನ್ನು ಸುತ್ತಿಕೊಂಡಿರುವ ಸಾಲು ಏಳು ಗಂಟೆಗೆ ಇರುವುದಿಲ್ಲ. ನಸುಕಿಗೇ ಎದ್ದು ಸ್ನಾನ ಮುಗಿಸುವ ನಮ್ಮ ಹಿರಿಯರಿಗೆ ಇದಕ್ಕಿಂತ ಅನುಕೂಲದ ಹೊತ್ತು ಬೇರೆ ಯಾವುದಿದೆ? ಬುಧವಾರ ಬೆಳಿಗ್ಗೆ ಚೌಕದಲ್ಲಿ ಪೋಪ್ ಅವರ ಸಾರ್ವಜನಿಕ ದರ್ಶನ ನಡೆಯುವುದರಿಂದ ಆ ಹೊತ್ತನ್ನು ಬಿಡಬೇಕು. ಭುಜ ಮತ್ತು ಮೊಣಕಾಲು ಮುಚ್ಚಿರಬೇಕೆಂಬ ನಿಯಮವೂ ಇದೆ. ಸೀರೆಯುಟ್ಟ ಅಮ್ಮನಿಗೆ ಅದರ ತೊಂದರೆ ಆಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತೊಂದಿದೆ. ಪಟ್ಟಿಯಲ್ಲಿರುವ ಎಲ್ಲವನ್ನೂ ನೋಡಲೇಬೇಕೆಂಬ ಹಟವನ್ನು ಬಿಟ್ಟು, ನೆಮ್ಮದಿಯಿಂದ ನೋಡಬಹುದಾದ ಕೆಲವನ್ನು ಆರಿಸಿಕೊಳ್ಳಿ. ಬೋರ್ಗೀಸೆ ಗ್ಯಾಲರಿಗೆ ಕಾಯ್ದಿರಿಸದೆ ಪ್ರವೇಶವಿಲ್ಲ, ಒಳಗೆ ಎರಡೇ ಗಂಟೆಯ ಅವಧಿ. ಜನರ ಸಂಖ್ಯೆಗೆ ಮಿತಿಯಿರುವುದರಿಂದಲೇ ಶಿಲ್ಪಿ ಬೆರ್ನಿನಿಯ ‘ಅಪೊಲೊ ಮತ್ತು ದಾಫ್ನೆ’ಯನ್ನು ಸುತ್ತು ಹಾಕಿ, ಮರವಾಗುತ್ತಿರುವ ದಾಫ್ನೆಯ ಅಮೃತಶಿಲೆಯ ಬೆರಳ ತುದಿಗಳಲ್ಲಿ ಎಲೆ ಚಿಗುರುವುದನ್ನು ಹತ್ತಿರದಿಂದ ನೋಡಲು ನಮಗೆ ಸಾಧ್ಯವಾಯಿತು. ಪ್ಯಾಂಥಿಯನ್ ಬಳಿಯ ಸಾನ್ ಲುಯಿಜಿ ದೆಯಿ ಫ್ರಾಂಚೆಜಿ ಚರ್ಚಿನಲ್ಲಿ ಚಿತ್ರಕಾರ ಕರವಾಜ್ಜೊನ ಮೂರು ಮಹಾಚಿತ್ರಗಳು ಯಾವ ಟಿಕೆಟ್ಟೂ ಇಲ್ಲದೆ ನೋಡಲು ಸಿಗುತ್ತವೆ. ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ಕೊಲೋಸಿಯಂನಿಂದ ಹತ್ತು ನಿಮಿಷದ ನಡಿಗೆಯಲ್ಲಿರುವ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ, ಎರಡನೆಯ ಜೂಲಿಯಸ್ ಪೋಪ್‌ನ ಸಮಾಧಿಗಾಗಿ ಮೈಕೆಲ್ಯಾಂಜೆಲೊ ಕೆತ್ತಿದ, ಬೈಬಲ್‌ನ ಪ್ರವಾದಿ ಮೋಸೆಸ್ ಕುಳಿತಿದ್ದಾನೆ. ಅಲ್ಲಿ ಸಾಲಿರಲಿಲ್ಲ. ಅಮ್ಮ ಆ ಗಡ್ಡವನ್ನೂ ಕೈಯ ನರಗಳನ್ನೂ ನೋಡುತ್ತ ಬಹಳ ಹೊತ್ತು ಕುಳಿತರು. ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಮುಚ್ಚುವವರು ಬಂದು ಹೇಳಿದ ಮೇಲೆಯೇ ನಾವು ಎದ್ದದ್ದು.