ಹೇಳಿಕೊಳ್ಳಲು ಬಾರದ ನಮ್ಮ ಹುಡುಗರು

ಪುಣೆಯ ಬಳಿ ಚಾಕಣದ ಕಾರ್ಖಾನೆಯೊಂದರಲ್ಲಿ ಕಿರಿಯ ಎಂಜಿನಿಯರುಗಳ ಆಯ್ಕೆಗೆ ಕುಳಿತಿದ್ದಾಗ, ಅರ್ಜಿಗಳ ನಡುವೆ ಮಂಡ್ಯದ ಹುಡುಗನೊಬ್ಬನದನ್ನು ಕಂಡು ನನಗಾದ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ನಿಮ್ಮ ಬಗ್ಗೆ ಹೇಳಿ ಎಂದಾಗ ಅವನು ತಂದೆಯ ಹೆಸರು, ಊರು, ಅಂಕಗಳನ್ನು ಹೇಳಿ ಸುಮ್ಮನಾದ. ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲು ಯಾವುದು ಎಂದರೆ, “ಎಲ್ಲರೂ ಸೇರಿ ಮಾಡಿದೆವು ಸರ್” ಎಂದ. ಸಹೋದ್ಯೋಗಿಗಳು ಅಂಕ ಬರೆದು ಮುಗಿಸಿದ ಮೇಲೆ, ರಜೆಯಲ್ಲಿ ಊರಿಗೆ ಹೋದರೆ ಏನು ಮಾಡುತ್ತೀಯಪ್ಪ ಎಂದು ನಾನು ಕನ್ನಡದಲ್ಲಿ ಕೇಳಿದೆ. ಚಿಕ್ಕಪ್ಪನ ಆಲೆಮನೆಯಲ್ಲಿ ಗಾಣದ ಬೇರಿಂಗ್ ಪದೇ ಪದೇ ಕಾದು ಕೆಡುತ್ತಿದ್ದುದನ್ನೂ, ಶಾಫ್ಟ್ ನೇರಕ್ಕೆ ಕೂರದಿರುವುದೇ ಅದಕ್ಕೆ ಕಾರಣವೆಂದು ತಾನು ಕಂಡುಹಿಡಿದು ಸರಿಪಡಿಸಿದ್ದನ್ನೂ ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ನಮಗೆ ಬೇಕಾಗಿದ್ದ ಉತ್ತರ ಅದೇ ಆಗಿತ್ತು; ಆದರೆ ಅದು ಬಂದದ್ದು ತಡವಾಗಿ, ಮತ್ತು ಕೆಲಸ ಸಿಕ್ಕಿದ್ದು ಬೇರೊಬ್ಬನಿಗೆ.

ನಮ್ಮ ಮೈಸೂರು, ಮಂಡ್ಯದ ಮನೆಗಳಲ್ಲಿ ಸಂದರ್ಶನದ ಸಿದ್ಧತೆಯೆಂದರೆ ಇಸ್ತ್ರಿ ಮಾಡಿದ ಅಂಗಿ, ಅಂಕಪಟ್ಟಿಗಳ ಫೈಲು, ಹಿಂದಿನ ದಿನ ಚಾಮುಂಡಿ ಬೆಟ್ಟ, ಹೊರಡುವಾಗ “ಕೇಳಿದ್ದಕ್ಕಷ್ಟೇ ಉತ್ತರ ಕೊಡು, ದೊಡ್ಡವರ ಮುಂದೆ ಜಾಸ್ತಿ ಮಾತಾಡಬೇಡ” ಎಂಬ ಅಪ್ಪನ ಬುದ್ಧಿಮಾತು. ರಂಗಾಯಣದ ಚಿಣ್ಣರ ಮೇಳದಲ್ಲಿ ನೂರಾರು ಜನರೆದುರು ಹಾಡಿ ಕುಣಿದ ಮಗುವನ್ನು ಎಸ್ಸೆಸ್ಸೆಲ್ಸಿ ಬಂತೆಂದು ಪುಸ್ತಕದ ಮುಂದೆ ಕೂರಿಸಿದರೆ, ಮತ್ತೆ ಅದು ಬಾಯಿ ತೆರೆದು ಮಾತನಾಡಬೇಕೆಂದು ನಾವು ಬಯಸುವುದು ಸಂದರ್ಶನದ ಬೆಳಿಗ್ಗೆಯೇ.

ಪುಣೆಯಲ್ಲಿ ನಮ್ಮ ಕೆಳಗಿನ ಮನೆಯ ಹುಡುಗಿ ಕೆಲಸಕ್ಕೆ ತಯಾರಾಗುತ್ತಿದ್ದಾಗ ಅವಳ ನಿವೃತ್ತ ಅಜ್ಜ ಸಂಜೆಯಾದರೆ ಮೇಜಿನ ಆಚೆ ಕುಳಿತುಬಿಡುತ್ತಿದ್ದರು. ಕೆಲಸದ ಜಾಹೀರಾತನ್ನು ಸಾಲು ಸಾಲಾಗಿ ಓದಿಸಿ, ಪ್ರತಿ ಸಾಲಿಗೂ ಅವಳು ಮಾಡಿದ ಒಂದು ಕೆಲಸವನ್ನು ಹೇಳಿಸುತ್ತಿದ್ದರು. ಆಗ ಪರಿಸ್ಥಿತಿ ಹೇಗಿತ್ತು, ನಿನ್ನ ಹೊಣೆ ಯಾವುದು, ನೀನು ಏನು ಮಾಡಿದೆ, ಅದರಿಂದ ಏನಾಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಅವರು ಬಿಡುತ್ತಿರಲಿಲ್ಲ. ಸಮಯ ಉಳಿಯಿತು ಎಂದರೆ ಎಷ್ಟು ಉಳಿಯಿತು ಎಂದು ಕೇಳುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿ, ತಿಳಿಯಲು ಏನು ಮಾಡುವೆನೆಂದು ಹೇಳುವುದನ್ನೂ ಕಲಿಸಿದರು. ಮೊದಲು ಮರಾಠಿಯಲ್ಲಿ ಹೇಳಿ ವಿಷಯ ಹದಕ್ಕೆ ಬಂದ ಮೇಲಷ್ಟೇ ಇಂಗ್ಲಿಷು. ಆರಂಭದಲ್ಲಿ ತಡವರಿಸುತ್ತಿದ್ದವಳು ಕೆಲವು ವಾರಗಳಲ್ಲಿ ಎರಡೇ ನಿಮಿಷದಲ್ಲಿ ತನ್ನ ಕೆಲಸವನ್ನು ಕೇಳುವವರ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದಳು.

ಇದರಲ್ಲಿ ಹಣದ ಖರ್ಚೂ ಇಲ್ಲ, ಕೋಚಿಂಗ್ ಕೇಂದ್ರವೂ ಬೇಕಿಲ್ಲ. ಮೈಸೂರಿನಲ್ಲಿ ಎನ್‌ಐಇ ಕಾಲೇಜು 1946ರಿಂದಲೂ ಮಂಡ್ಯದಲ್ಲಿ ಪಿಇಎಸ್ ಕಾಲೇಜು 1962ರಿಂದಲೂ ಎಂಜಿನಿಯರುಗಳನ್ನು ತಯಾರು ಮಾಡುತ್ತಿವೆ. ದೊಡ್ಡ ಹುದ್ದೆಗಳಿಂದ ನಿವೃತ್ತರಾದವರು ಸರಸ್ವತಿಪುರಂ, ಕುವೆಂಪುನಗರದ ಬೀದಿ ಬೀದಿಯಲ್ಲೂ ಇದ್ದಾರೆ. ಪಕ್ಕದ ಮನೆಯ ಹುಡುಗನಿಗೆ ಸಂದರ್ಶನವಿದೆ ಎಂದು ಕೇಳಿದರೆ ಅವರು ಪ್ರೀತಿಯಿಂದಲೇ “ಅಲ್ಲಿ ನಮಗೆ ಗೊತ್ತಿರುವವರಿದ್ದಾರೆ, ಒಂದು ಮಾತು ಹೇಳುತ್ತೇನೆ” ಎನ್ನುತ್ತಾರೆ. ಆ ಫೋನಿನ ಬದಲು ಅವನನ್ನು ಜಗಲಿಯಲ್ಲಿ ಕೂರಿಸಿಕೊಂಡು ಒಂದು ಗಂಟೆ ಪ್ರಶ್ನೆ ಕೇಳಿದ್ದರೆ ಅವನಿಗೆ ಎಷ್ಟು ಉಪಕಾರವಾಗುತ್ತಿತ್ತು ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸರ್ಕಾರಿ ಕೆಲಸಕ್ಕೆ ಬರವಣಿಗೆಯೇ ಸಾಕು ಎಂಬುದು ನನ್ನ ಸೋದರಮಾವನ ವಾದ. ಕೇಂದ್ರ ಸರ್ಕಾರ 2016ರ ಜನವರಿಯಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನ ತೆಗೆದದ್ದು ನಿಜ. ಆದರೆ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಒಟ್ಟು 2025 ಅಂಕಗಳಲ್ಲಿ 275 ಇಂದಿಗೂ ಸಂದರ್ಶನದ್ದೇ, ಮತ್ತು ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಅದನ್ನೂ ಕನ್ನಡದಲ್ಲೇ ಎದುರಿಸಬಹುದು. ಇಂಗ್ಲಿಷ್ ಬಾರದೆಂಬ ಭಯ ಅಲ್ಲಿ ಅಡ್ಡಿಯಾಗಬೇಕಿಲ್ಲ. ತನ್ನ ಕೆಲಸವನ್ನು ತನ್ನ ಭಾಷೆಯಲ್ಲೂ ಹೇಳಿ ರೂಢಿಯಿಲ್ಲದಿರುವುದು ಮಾತ್ರ ಖಂಡಿತ ಅಡ್ಡಿಯಾಗುತ್ತದೆ.

ಇಷ್ಟು ಹೇಳಿದ ಮೇಲೆ, ಮನಸ್ಸಿಲ್ಲದಿದ್ದರೂ ಕೆಲವನ್ನು ಒಪ್ಪಬೇಕು. ಆ ದಿನ ಸೊಗಸಾಗಿ ಮಾತನಾಡಿ ಆಯ್ಕೆಯಾದವನು ಯಂತ್ರ ನಿಂತಾಗ ಮೇಲಿನವರಿಗಾಗಿ ಕಾಯುತ್ತಾನೆ. ಇಲ್ಲಿ ಪುಣೆಯ ಹುಡುಗರ ಉತ್ತರಗಳಲ್ಲಿ ಬಾಯಿಪಾಠದ ವಾಸನೆ ಬರುವುದೂ ಉಂಟು. ಅಪ್ಪ ಕಲಿಸಿದ ಸಂಕೋಚದ ಜೊತೆಗೇ ನಮ್ಮ ಕಡೆಯವರಿಗೆ, ಮಾಡದ್ದನ್ನು ಮಾಡಿದೆನೆನ್ನದ ಗುಣವೂ ಬಂದಿದೆ, ಅದನ್ನು ನನ್ನ ಮರಾಠಿ ಸಹೋದ್ಯೋಗಿಗಳೇ ಮೆಚ್ಚಿ ಮಾತನಾಡುತ್ತಾರೆ. ಕೇಳುವವರ ಕಡೆಯಿಂದಲೂ ಆಗಬೇಕಾದದ್ದು ಇದೆ. ಈಗ ನಾವು ಎಲ್ಲ ಅಭ್ಯರ್ಥಿಗಳಿಗೂ, ನೀವು ಕೈಯಾರೆ ಸರಿಪಡಿಸಿದ ಒಂದು ವಸ್ತುವಿನ ಬಗ್ಗೆ ಹೇಳಿ ಎಂಬ ಪ್ರಶ್ನೆಯನ್ನೇ ಮೊದಲು ಕೇಳುತ್ತಿದ್ದೇವೆ, ಮತ್ತು ಅದಕ್ಕೆ ನಮ್ಮ ಊರುಗಳ ಹುಡುಗರು ಬೇರೆಯವರಿಗಿಂತ ಹೆಚ್ಚು ಹೊತ್ತು ಮಾತನಾಡುತ್ತಾರೆ.