ಸೋಫಾಕ್ಕೆ ಪ್ಲಾಸ್ಟಿಕ್, ಕೂಸಿಗೆ ಸೀಸ

ಕಲಬುರಗಿಯಲ್ಲಿ ಮದುವೆ ಹತ್ತಿರ ಬಂತೆಂದರೆ ಹಳೆ ಮನೆಗೆ ಬಣ್ಣ ಬಳಿಯಲೇಬೇಕು. ಮೊದಲ ಕೆಲಸ, ಅಜ್ಜನ ಕಾಲದ ಬಾಗಿಲ ಆಯಿಲ್ ಪೇಂಟ್ ಕೆರೆಯುವುದು. ಅದಕ್ಕೂ ಮೊದಲು ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಟಿವಿಗೆ ಹಳೆ ಸೀರೆ, ಎರಡು ಸುತ್ತು. ಫ್ರಿಜ್‌ಗೆ ಬೆಡ್‌ಶೀಟ್. ಮನೆಗೆ ಕಣ್ಣು ತಾಗದಂತೆ ನಾಲಿಗೆ ಚಾಚಿದ ದೃಷ್ಟಿ ಗೊಂಬೆ. ಇಷ್ಟಾದ ಮೇಲೆ ಧೂಳು ತಾಗಲು ಉಳಿದವರು ಇಬ್ಬರೇ: ಪೇಂಟರ್, ಮತ್ತೆ ಅಂಬೆಗಾಲಿಡುವ ಕೂಸು.

ಹಳೆ ಆಯಿಲ್ ಪೇಂಟಿನಲ್ಲಿ, ಅದರಲ್ಲೂ ಹೊಳೆಯುವ ಹಳದಿ, ಕೆಂಪಿನಲ್ಲಿ ಸೀಸ, ಅಂದರೆ ಲೆಡ್ ಎಂಬ ವಿಷದ ಲೋಹ, ಇರುವುದು ಮಾಮೂಲು. ಪಾಲಿಶ್ ಪೇಪರ್ ಹಿಡಿದು ಒಣಗೇ ತಿಕ್ಕಿದರೆ ಅದು ಧೂಳಾಗಿ ಶಹಾಬಾದ್ ಕಲ್ಲಿನ ಸಂದಿಗೆ ಇಳಿಯುತ್ತದೆ. ಕೂಸು ಅಲ್ಲೇ ಕೈ ಊರುತ್ತದೆ. ಆ ಕೈ ಬಾಯಿಗೆ ಹೋಗುತ್ತದೆ. ಮಕ್ಕಳ ಹೊಟ್ಟೆ ದೊಡ್ಡವರಿಗಿಂತ ಜಾಸ್ತಿ ಸೀಸ ಹೀರುತ್ತದೆ, ಏಟು ಬೀಳುವುದು ಮೆದುಳಿಗೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಲೆಕ್ಕವೇ ಸೀಸಕ್ಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆ ಯಜಮಾನರ ಲೆಕ್ಕ ಬೇರೆ: "ನಾವೆಲ್ಲ ಇದೇ ಮನ್ಯಾಗ ಬೆಳದೀವಿ, ನಮಗೇನಾಗ್ಯಾದ್ರಿ?" ಏನಾಗಿದೆ ಅಂತ ಎದುರಿಗೆ ಹೇಳಕ್ಕಾಗುತ್ತಾ?

ಸರ್ಕಾರವೇನೂ ಸುಮ್ನೆ ಕೂತಿಲ್ಲ. 2017ರ ನವೆಂಬರ್ 1ರಿಂದ ಮನೆಗೆ ಹಚ್ಚುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟುವಂತಿಲ್ಲ. ಸರಿಯಾಗಿ ರಾಜ್ಯೋತ್ಸವದ ದಿನ! ಅರಿಶಿನ ಕುಂಕುಮದ ಬಾವುಟ ಹಾರಿಸುತ್ತಲೇ ಹಳದಿ ಕೆಂಪು ಡಬ್ಬಿಗಳಿಗೆ ಕಡಿವಾಣ ಬಿತ್ತು. ಆದರೆ ಬಿದ್ದದ್ದು ಹೊಸ ಡಬ್ಬಿಗೆ. ಬಾಗಿಲ ಮೇಲೆ ಮೊದಲೇ ಕೂತ ಪದರಕ್ಕೆ ನೋಟಿಸ್ ಕೊಡುವವರು ಯಾರು?

ದಾರಿ ಇಲ್ಲ ಅಂತಲ್ಲ. ನೀರು ಚಿಮುಕಿಸಿ ವಾಟರ್ ಪೇಪರ್‌ನಿಂದ ತಿಕ್ಕಬೇಕು. ನೆಲಕ್ಕೆ ಪ್ಲಾಸ್ಟಿಕ್, ಪೇಂಟರ್‌ಗೆ ಸೀಸದ ಧೂಳು ತಡೆಯುವ ಪಿ-100 ಮಾಸ್ಕ್. ಬಸುರಿ, ಮಕ್ಕಳು ಕೆಲಸ ಮುಗಿಯುವ ತನಕ ನೆಂಟರ ಮನೆಗೆ. ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಯಜಮಾನರು ಒಪ್ಪಲಿಲ್ಲ. ನೀರು ಹಾಕಿದರೆ ಒಣಗಲು ಒಂದು ದಿನ ಜಾಸ್ತಿ, ಕೂಲಿಯೂ ಜಾಸ್ತಿ ಅಂತೆ. ಹೇಳಿದ್ದು ಮೇ ತಿಂಗಳಲ್ಲಿ, ಕಲಬುರಗಿಯಲ್ಲಿ. ಇಲ್ಲಿ ಹಿಂಡಿದ ಪಂಚೆ ಹಗ್ಗ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ.

ಹುಳ ಹಿಡಿದ ಒಂದು ಬಾಗಿಲನ್ನು ಮಾತ್ರ ಕೆರೆಯಲಿಲ್ಲ. ಒಡೆದು, ಪೇಂಟಿನ ಸಮೇತ ಹಂಡೆಯ ಒಲೆಗೆ ಹಾಕಿದರು. ಹೊಗೆಯ ಜೊತೆ ಸೀಸವೂ ಎದ್ದಿತು. ಅದರ ಪಕ್ಕದಲ್ಲೇ ಕೂಸನ್ನು ಕೂರಿಸಿ ಎಣ್ಣೆ ತಿಕ್ಕುತ್ತಿದ್ದ ಅಜ್ಜಿ ಹೇಳಿದಳು: "ಬೇವಿನ ಕಟ್ಟಿಗಿ ಅದ, ಹೊಗಿ ಕೂಸಿಗಿ ಭಾಳ ಛಲೋ."