ವೈಟ್ ಬೇಕಾ, ಬ್ಲ್ಯಾಕ್ ಬೇಕಾ?

ಶನಿವಾರ ಮಧ್ಯಾಹ್ನ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್.ಪಿ. ರೋಡಿಗೆ ಹೋಗಿದ್ದೆ. ಎರಡು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲಿ ಬರೆದು ಇಳಿಸ್ಕೊಳ್ತೀನಿ, ಪುರುಸೊತ್ತು ಇದ್ದೋರು ಓದಿ.

ಬಳ್ಳಾರಿಯಿಂದ ಅಕ್ಕನ ಮಗ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. ಕಂಪ್ಯೂಟರ್ ಕ್ಯಾಬಿನೆಟ್ಟನ್ನ ಹಳೇ ರಗ್ಗಿನಲ್ಲಿ ಸುತ್ಕೊಂಡು, ರಾತ್ರಿ ಬಸ್ಸಲ್ಲಿ ಹಸುಗೂಸಿನ ಹಾಗೆ ತೊಡೆ ಮೇಲೆ ಮಲಗಿಸ್ಕೊಂಡು ಬಂದಿದ್ದಾನೆ. ಪ್ರೊಸೆಸರ್, ಅಂದ್ರೆ ಕಂಪ್ಯೂಟರಿನ ಲೆಕ್ಕ ಮಾಡೋ ಮುಖ್ಯ ಚಿಪ್ಪು, ಬದಲಾಯಿಸ್ಬೇಕು, ಬೆಂಗಳೂರಲ್ಲಿ ಮಾಮ ಇದ್ದಾನಲ್ಲ. ಅಕ್ಕ ಚೀಟಿ ಎತ್ತಿದ ದುಡ್ಡಲ್ಲಿ ಇಪ್ಪತ್ತು ಸಾವಿರ ಕೈಗೆ ಕೊಟ್ಟು, ಇತ್ತ ನನಗೆ ಫೋನ್ ಮಾಡಿ, "ನೋಡೋ, ಅವನು ಕೇಳಿದ್ದಕ್ಕೆಲ್ಲಾ ತಲೆ ಆಡಿಸ್ಬೇಡ. ಮಿಕ್ಕಿದ್ದು ವಾಪಸ್ ಕಳ್ಸು" ಅಂದಿದ್ದಳು. ನಾನು ಹಗಲೆಲ್ಲಾ ಬ್ಯಾಂಕಲ್ಲಿ ಬೇರೆಯೋರ ದುಡ್ಡು ಎಣಿಸಿ, ರಾತ್ರಿ ಹತ್ತರ ಮೇಲೆ ಕಂಪ್ಯೂಟರ್ ಗೇಮಿನ ಯೂರೋಪಲ್ಲಿ ಲಾರಿ ಓಡಿಸೋ ಮನುಷ್ಯ ಅಂತ ನಿಮಗೆಲ್ಲಾ ಗೊತ್ತಿರೋದೇ. ಹಾಗಾಗಿ ನಮ್ಮ ಬಳಗದಲ್ಲಿ ಕಂಪ್ಯೂಟರ್ ವಿಷಯಕ್ಕೆ ನಾನೇ ಹಿರಿಯ ಪುರೋಹಿತ.

ಅಂಗಡಿಗೆ ಹೋದ್ವಿ. ಹೆಸರು ಬೇಡ ಬಿಡಿ, ಆ ರಸ್ತೆಯಲ್ಲಿ ಅಂಥವು ಸಾಲಾಗಿವೆ. ರೈಜನ್ 5 5600 ಪ್ರೊಸೆಸರ್ ಕೊಡಿ, ಬಾಕ್ಸ್ ಪೀಸೇ ಬೇಕು ಅಂದೆ. ಕೌಂಟರಿನ ಹುಡುಗ ನನ್ನ ಕಡೆ ತಿರುಗಲೇ ಇಲ್ಲ. ನೇರ ನಮ್ಮ ಹುಡುಗನ ಮುಖ ನೋಡಿ ಕೇಳಿದ: "ಕೂಲರ್ ಯಾವ್ದು ಬ್ರೋ? ವೈಟ್ ಬೇಕಾ, ಬ್ಲ್ಯಾಕ್ ಬೇಕಾ?"

ಕೂಲರ್ ಅಂದ್ರೆ ಪ್ರೊಸೆಸರಿನ ಬಿಸಿ ಎಳೆದು ಹೊರಗೆ ಹಾಕೋ ಸಾಧನ. ಅದರ ಬಣ್ಣ, ಇದೇ ಮೊದಲನೇ ಪ್ರಶ್ನೆ. ಈಗ ಯಾವ ಪ್ರೊಸೆಸರ್ ಇದೆ, ಯಾವ ಮದರ್‌ಬೋರ್ಡು, ಯಾವ ಗೇಮ್ ಆಡ್ತೀಯ, ಮನೆ ಎಲ್ಲಿ, ರೂಮಲ್ಲಿ ಸೆಕೆ ಎಷ್ಟು, ಒಂದನ್ನೂ ಕೇಳಲಿಲ್ಲ. ಸೀರೆ ಅಂಗಡಿಯಲ್ಲೂ ಮದುವೆಗೋ ಮನೆಗೋ ಅಂತ ಮೊದಲು ಕೇಳಿ ಆಮೇಲೆ ಬಣ್ಣಕ್ಕೆ ಬರ್ತಾರೆ ಸ್ವಾಮಿ.

ಕೇಳೋ ಮುಂಚೆಯೇ ಡಬ್ಬ ಬಂತು. 360 ಮಿಲಿಮೀಟರ್ ಲಿಕ್ವಿಡ್ ಕೂಲರ್, ಪಂಪಿಂದ ದ್ರವ ಸುತ್ತಿಸಿ ತಣ್ಣಗೆ ಮಾಡುವಂಥದ್ದು. ಮೂರು ಫ್ಯಾನು, ಪಂಪಿನ ತಲೆ ಮೇಲೆ ದುಂಡಗೆ ಒಂದು ಪುಟ್ಟ ಎಲ್‌ಸಿಡಿ ಪರದೆ. ಅದರಲ್ಲಿ ಬೆಕ್ಕೊಂದು ಕುಣೀತಾ ಇದೆ. ಬೆಲೆ ಹದಿನಾಲ್ಕು ಸಾವಿರ. ನಾವು ತಗೊಳ್ಳೋಕೆ ಬಂದಿದ್ದ ಪ್ರೊಸೆಸರ್ ಹತ್ತು ಸಾವಿರದ ಒಳಗೆ! ಕುದುರೆಗಿಂತ ಜೀನು ದುಬಾರಿ. ಅದೂ ಎಂಥಾ ಪ್ರೊಸೆಸರಿಗೆ? 65 ವ್ಯಾಟಿನದು, ಅಂದ್ರೆ ಅಷ್ಟೇನೂ ಬಿಸಿಯಾಗದ್ದು, ತನ್ನ ಡಬ್ಬದ ಒಳಗೇ ಒಂದು ಕೂಲರ್ ಇಟ್ಕೊಂಡು ಬರುವಂಥದ್ದು. ನಮ್ಮ ಹುಡುಗನ ಕಣ್ಣು ಮಾತ್ರ ಬೆಕ್ಕಿನ ಮೇಲೇ ಇತ್ತು.

ನನಗೆ ಅನ್ನಿಸೋದು, ಇದೆಲ್ಲಾ ಶುರುವಾಗಿದ್ದು ಕ್ಯಾಬಿನೆಟ್ಟಿಗೆ ಗಾಜು ಬಂದ ದಿನದಿಂದ. ಕಂಪ್ಯೂಟರ್ ಅಂದ್ರೆ ಬೂದು ಬಣ್ಣದ ತಗಡಿನ ಡಬ್ಬ ಆಗಿದ್ದ ಕಾಲದಲ್ಲಿ ಒಳಗೆ ಏನಿದೆ ಅಂತ ಯಾರು ನೋಡ್ತಿದ್ರು? ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿ ಇಡ್ತಿದ್ರು. ಪಕ್ಕಕ್ಕೆ ಗಾಜು ಬಂತು ನೋಡಿ, ಅದು ಹಾಲಿನ ಷೋಕೇಸ್ ಆಗಿಹೋಯ್ತು. ಚನ್ನಪಟ್ಟಣದ ಗೊಂಬೆ ಇಡೋ ಜಾಗದಲ್ಲಿ ಕೂಲರ್ ಕೂತಿದೆ. ಗೊಂಬೆ ತಗೊಳ್ಳೋವಾಗ ವ್ಯಾಟ್ ಯಾರು ಕೇಳ್ತಾರೆ? ವೈಟಾ, ಬ್ಲ್ಯಾಕಾ, ಅಷ್ಟೇ.

ಅವನ ಮೆಷಿನ್ನಿನ ಜಾತಕ ಹೇಳ್ತೀನಿ ಕೇಳಿ. ರೈಜನ್ 5 2600, ಅಂದ್ರೆ 2018ರ ಮಾಲು. ಬಿ450 ಬೋರ್ಡು, 16 ಜಿಬಿ ಡಿಡಿಆರ್4 ರ್‍ಯಾಮು, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, 144 ಹರ್ಟ್ಸ್ ಮಾನಿಟರು, ಅಂದ್ರೆ ಸೆಕೆಂಡಿಗೆ 144 ಚಿತ್ರ (ಫ್ರೇಮ್) ತೋರಿಸೋದು. ಆಡೋದು ಮುಖ್ಯವಾಗಿ ವ್ಯಾಲರಂಟ್ ಅನ್ನೋ ಗುಂಡು ಹಾರಿಸೋ ಗೇಮು. "ಮಾಮ, ಫ್ರೇಮ್ ಡ್ರಾಪ್ ಆಗುತ್ತೆ" ಅನ್ನೋದು ದೂರು. ಸೆಕೆಂಡಿಗೆ 144 ಫ್ರೇಮ್ ಅಂದ್ರೆ ಒಂದೊಂದು ಫ್ರೇಮಿಗೆ ಸಿಗೋದು ಏಳು ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಪ್ರೊಸೆಸರು ಲೆಕ್ಕ ಮುಗಿಸಿ ಕಾರ್ಡಿಗೆ ಕೊಟ್ಟರೆ ತಾನೇ ಅದು ಚಿತ್ರ ಬಿಡಿಸೋದು? ಅಂಗಡಿಗೆ ಹೊರಡೋ ಮುಂಚೆ ಮನೆಯಲ್ಲೇ ಆಡಿಸಿ ನೋಡಿದ್ದೆ. ಕಾರ್ಡು ತನ್ನ ಶಕ್ತಿಯ ಶೇಕಡ 55ರ ಆಸುಪಾಸಲ್ಲಿ ಆಕಳಿಸ್ತಾ ಕೂತಿತ್ತು. ಅಡುಗೆಯೋನು ಖಾಲಿ ಬಾಣಲೆ ಇಟ್ಕೊಂಡು ಕಾಯ್ತಿದ್ದಾನೆ, ತರಕಾರಿ ಹೆಚ್ಚೋನು ನಿಧಾನ. ಅಂದ್ರೆ ಪ್ರೊಸೆಸರ್ ಬದಲಾಯಿಸೋದು ಸರಿ. ಅದೇ ಕಾರ್ಡು 98, 99 ತೋರಿಸಿದ್ರೆ ಪ್ರೊಸೆಸರಿಗೆ ಎಷ್ಟು ಸುರಿದ್ರೂ ನೀರಲ್ಲಿ ಹೋಮ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಐದು ನಿಮಿಷ ಸಾಕು. ಅಂಗಡಿಯವರು ಯಾಕೆ ಹೇಳ್ತಾರೆ?

"ಎಕ್ಸ್3ಡಿ ತಗೋಳೋಣ ಮಾಮ" ಅಂತ ಇನ್ನೊಂದು ರಾಗ. ಅದು ಕ್ಯಾಶ್ ಅನ್ನೋ ಒಳನೆನಪು ಜಾಸ್ತಿ ಇರೋ ಪ್ರೊಸೆಸರು. ನನ್ನ ಹತ್ರ ಇದೆಯಲ್ಲ, ಅದಕ್ಕೆ. ನಾನು 2024ರಲ್ಲಿ 5700ಎಕ್ಸ್3ಡಿ ಹಾಕಿಸ್ಕೊಂಡೆ, ಸುಳ್ಳು ಯಾಕೆ. ಲಾರಿ ಓಡಿಸ್ಕೊಂಡು ದೊಡ್ಡ ಊರಿನ ಒಳಗೆ ನುಗ್ಗಿದಾಗ ಆಟ ಮುಗ್ಗರಿಸ್ತಿತ್ತು. ಎಕ್ಸ್3ಡಿಯಲ್ಲಿ ಎಲ್3 ಕ್ಯಾಶ್ 96 ಎಂಬಿ, 5600ರಲ್ಲಿ 32. ಕ್ಯಾಶ್ ಅಂದ್ರೆ ಒಲೆ ಪಕ್ಕದ ಒಗ್ಗರಣೆ ಡಬ್ಬಿ ಇದ್ದ ಹಾಗೆ. ಸಾಸಿವೆ ಕೈಗೆ ಸಿಗಬೇಕು, ಪ್ರತಿ ಸಲ ಅಟ್ಟ ಹತ್ತೋಕಾಗಲ್ಲ. ಡಬ್ಬಿ ದೊಡ್ಡದಿದ್ರೆ ನನ್ನಂಥಾ ಲಾರಿಯೋರಿಗೆ, ವಿಮಾನದ ಸಿಮ್ಯುಲೇಟರ್ ಆಡೋರಿಗೆ ಗೊತ್ತಾಗೋ ಹಾಗೆ ಲಾಭ ಇದೆ. ಆದರೆ ಅದು 105 ವ್ಯಾಟಿನದು, ಆ ಪೀಳಿಗೆಯಲ್ಲಿ ಕ್ಯಾಶನ್ನ ಕೋರ್‌ಗಳಿರೋ ಚಿಪ್ಪಿನ ತಲೆ ಮೇಲೆ ಪೇರಿಸಿರೋದ್ರಿಂದ ಶಾಖ ಹೊರಗೆ ಬರೋದು ಕಷ್ಟ, ಜತೆಗೆ ಕೂಲರೂ ಬರಲ್ಲ. ಅಂಗಡಿಯಲ್ಲಿ ಅದು ಇರಲೂ ಇಲ್ಲ, ವಾದ ಅಲ್ಲಿಗೇ ಮುಗೀತು. ನನ್ನ ಪುಣ್ಯ.

ಅಷ್ಟಕ್ಕೇ ಬಿಟ್ಟರಾ? ಮಾಲೀಕರೇ ಎದ್ದು ಬಂದ್ರು. "ಸರ್, ಎಎಂ4 ಹಳೇದಾಯ್ತು, ಎಎಂ5ಗೆ ಹೋಗ್ಬಿಡಿ, ಫ್ಯೂಚರ್ ಪ್ರೂಫ್." ಎಎಂ4, ಎಎಂ5 ಅಂದ್ರೆ ಬೋರ್ಡಲ್ಲಿ ಪ್ರೊಸೆಸರ್ ಕೂರೋ ಸಾಕೆಟ್ಟಿನ ಹೆಸರು; ನಮ್ಮ ಹುಡುಗನದು ಎಎಂ4. ಎಎಂ5ಗೆ ಹೋದ್ರೆ ಹೊಸ ಬೋರ್ಡು. ಅದು ಡಿಡಿಆರ್5 ಬಿಟ್ಟು ಬೇರೇದನ್ನ ಮುಟ್ಟಲ್ಲ, ಹಾಗಾಗಿ ಹೊಸ ರ್‍ಯಾಮು. ರ್‍ಯಾಮ್ ಬೆಲೆ ಈಚೆಗೆ ಯಾವ ಗತಿಯಲ್ಲಿ ಏರಿದೆ ಅಂತ ತಗೊಂಡೋರಿಗೇ ಗೊತ್ತು. ಎಐ ಡೇಟಾ ಸೆಂಟರುಗಳು ಚಿಪ್ಪನ್ನೆಲ್ಲಾ ಬಾಚ್ಕೊಳ್ತಾ ಇವೆ, ನಮಗೆ ಉಳಿದಿರೋದು ಬಾಣಲೆ ಕೆರೆದ ಸೀಕಲು. 2018ರ ಪ್ರೊಸೆಸರ್ ತೆಗೆದು, ಅದೇ ತೂತಿಗೆ 2022ರದ್ದನ್ನ ಕೂರಿಸೋಕೆ ಆಗುತ್ತೆ ಅನ್ನೋದೇ ಎಎಂ4ನ ದೊಡ್ಡತನ. ಇಪ್ಪತ್ತು ಸಾವಿರ ಕೊಟ್ಟು ಕಳಿಸಿದ ನಮ್ಮಕ್ಕನ ಮುಂದೆ ಹೋಗಿ ಫ್ಯೂಚರ್ ಪ್ರೂಫ್ ಅಂತ ಒಂದು ಸಲ ಹೇಳಲಿ ನೋಡೋಣ ಇವರು.

ಇಷ್ಟೆಲ್ಲಾ ಮಾತಾಡಿದ ಆಸಾಮಿ ಒಂದು ಮುಖ್ಯ ಮಾತು ಹೇಳಲಿಲ್ಲ. 2018ರ ಬೋರ್ಡಿಗೆ 5600 ಅಂದ್ರೆ ಯಾರು ಅಂತಲೇ ಗೊತ್ತಿರಲ್ಲ. ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ಕೊಬೇಕು. ಇಲ್ಲದಿದ್ರೆ ಫ್ಯಾನ್ ತಿರುಗುತ್ತೆ, ಲೈಟ್ ಉರಿಯುತ್ತೆ, ಪರದೆ ಮಾತ್ರ ಕಪ್ಪು. ಹುಡುಗ ಬಳ್ಳಾರಿಗೆ ಹೋಗಿ ತಾನೇ ಹಾಕ್ಕೊಂಡಿದ್ರೆ, ಪ್ರೊಸೆಸರೇ ಡೆಡ್ ಅಂದ್ಕೊಂಡು ಅಳ್ತಾ ಕೂತಿರ್ತಿದ್ದ. ಅದನ್ನ ಬಿಟ್ಟು ವೈಟ್ ಬೇಕಾ, ಬ್ಲ್ಯಾಕ್ ಬೇಕಾ!

ಈಗ ಕೂಲರ್ ವಿಷಯಕ್ಕೆ ಬರ್ತೀನಿ. ಲಿಕ್ವಿಡ್ ಅಂದ್ರೆ ಶ್ರೇಷ್ಠ, ಗಾಳಿದು ಬಡವರದ್ದು ಅಂತ ಒಂದು ನಂಬಿಕೆ ಇದೆಯಲ್ಲ, ಅದನ್ನ ಯಾರು ಹುಟ್ಟಿಸಿದರೋ. ಎರಡು ಸಾವಿರದ ಟವರ್ ಕೂಲರ್ ಒಳಗೂ ನೀರೇ ಇರೋದು! ಆ ತಾಮ್ರದ ಕೊಳವೆಗಳಿವೆಯಲ್ಲ, ಅವುಗಳ ಗಾಳಿ ತೆಗೆದು, ಒಂದೆರಡು ಹನಿ ನೀರು ಬಿಟ್ಟು ಬಾಯಿ ಮುಚ್ಚಿರ್ತಾರೆ. ಕೆಳಗೆ ಪ್ರೊಸೆಸರಿನ ಬಿಸಿಗೆ ನೀರು ಆವಿಯಾಗಿ ಮೇಲೇರುತ್ತೆ, ರೆಕ್ಕೆಗಳ ಹತ್ರ ತಣ್ಣಗಾಗಿ ಹನಿಯಾಗುತ್ತೆ, ಒಳಗೋಡೆ ಹಿಡ್ಕೊಂಡು ವಾಪಸ್ ಇಳಿಯುತ್ತೆ. ಇಡ್ಲಿ ಪಾತ್ರೆ ಮುಚ್ಚಳದ ಒಳಗೆ ಹನಿ ಕೂತು ಜಾರೋದನ್ನ ನೋಡಿಲ್ವಾ? ಅದೇ. ಪಂಪಿಲ್ಲ, ಮೋಟರಿಲ್ಲ, ಸೋರಲ್ಲ. ಕೆಟ್ಟರೆ ಫ್ಯಾನ್ ಒಂದು ಕೆಡಬೇಕು, ಅದನ್ನ ಯಾವ ಊರಲ್ಲಾದರೂ ಬದಲಾಯಿಸಬಹುದು.

ಇನ್ನೊಂದು. ಗಾಳಿದಾಗಲಿ, ಲಿಕ್ವಿಡ್ಡಾಗಲಿ, ಇಂಥ ಯಾವ ಕೂಲರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡಲ್ಲ. ಚಿಪ್ಪಿನ ಬಿಸಿಯನ್ನ ಎತ್ತಿ ಅದೇ ರೂಮಿಗೆ ಸುರಿಯುತ್ತೆ, ಅಷ್ಟೇ ಅದರ ಕಸುಬು. ನಮ್ಮನೆ ರೂಮು 27 ಡಿಗ್ರಿ ಇದ್ದಾಗ ಪ್ರೊಸೆಸರ್ 65 ತೋರಿಸ್ತಾ ಇದ್ರೆ, ಮೇ ತಿಂಗಳ ಬಳ್ಳಾರಿಯಲ್ಲಿ, 41 ಡಿಗ್ರಿಯ ರೂಮಲ್ಲಿ, ಅದೇ ಮೆಷಿನ್ನು 80ರ ಹತ್ರ ಇರುತ್ತೆ. ಅದಕ್ಕೇ ನಾನು ಬಡ್ಕೊಳ್ಳೋದು, ಮನೆ ಎಲ್ಲಿ ಅಂತ ಕೇಳ್ರಪ್ಪಾ ಅಂತ. ಬೆಂಗಳೂರಿನ ರೂಮಾಗಿದ್ರೆ 5600ರ ಡಬ್ಬದಲ್ಲಿ ಬರೋ ಪುಟ್ಟ ಕೂಲರೇ ಸಾಕು, ಸ್ವಲ್ಪ ಗೊರ್ ಅನ್ನುತ್ತೆ ಅಷ್ಟೇ. ಬಳ್ಳಾರಿಗೆ ಸಾಲಲ್ಲ. ಹಾಗಾಗಿ ನಾನೂ ಬೇರೆ ಕೂಲರ್ ಕೊಡಿಸಿದೆ: ನಾಲ್ಕು ಕೊಳವೆಯ, 120 ಮಿಲಿಮೀಟರ್ ಫ್ಯಾನಿನ ಟವರು, 150 ಮಿಲಿಮೀಟರ್ ಎತ್ತರ, ಎರಡು ಸಾವಿರದ ಇನ್ನೂರು. ಕ್ಯಾಬಿನೆಟ್ ಬಾಗಿಲು ಮುಚ್ಚುತ್ತಾ ಅಂತ ಮನೆಯಲ್ಲೇ ಸ್ಕೇಲ್ ಇಟ್ಟು ಅಳೆದಿದ್ದೆ. ಬಣ್ಣ ಕಪ್ಪು. ಹೌದು, ಕೇಳಿದ್ರು. ಬ್ಲ್ಯಾಕ್ ಅಂದೆ. ಕೊನೆಗೂ ಉತ್ತರ ಕೊಟ್ಟೆ ನೋಡಿ.

ಕೆಲವರು ಈಗ ಕಾಮೆಂಟಲ್ಲಿ ಬರ್ತೀರ, ಗೊತ್ತು. "ಐ9-14900ಕೆ ತರದ ಪ್ರೊಸೆಸರಿಗೆ ಲಿಕ್ವಿಡ್ ಬೇಕೇ ಬೇಕು" ಅಂತ. ಸರಿ, ಒಪ್ಪಿದೆ. ಅದು ಮೈಮೇಲೆ ದೇವರು ಬಂದಾಗ 253 ವ್ಯಾಟ್ ಎಳೆಯುತ್ತೆ. ನಿಮ್ಮಲ್ಲಿ ಎಷ್ಟು ಜನರ ಹತ್ರ ಅದಿದೆ? ಇರೋ ಇಬ್ಬರು ಅದರಲ್ಲಿ ಮಾಡೋದು ಎಕ್ಸೆಲ್ ಶೀಟು. "ಅವನ ದುಡ್ಡು, ಅವನ ಖುಷಿ" ಅಂತೀರಾ? ಅವನ ದುಡ್ಡಲ್ಲ, ಅಕ್ಕನ ಚೀಟಿ ದುಡ್ಡು.

ಇಷ್ಟು ಕೂಗಾಡಿದ ಮೇಲೆ ಒಂದು ತಪ್ಪೊಪ್ಪಿಗೆ. 2021ರಲ್ಲಿ ನಾನೂ ಒಂದು ಲಿಕ್ವಿಡ್ ಕೂಲರ್ ತಗೊಂಡಿದ್ದೆ. ಬಿಳೀದು. ಯಾಕೆ ಅಂದ್ರೆ ರಾತ್ರಿ ಲೈಟ್ ಆರಿಸಿದಾಗ ನೀಲಿ ಬೆಳಕು ಗೋಡೆ ಮೇಲೆ ಚೆಂದ ಕಾಣ್ತಿತ್ತು. ಆಗ ನನ್ನ ಮೆಷಿನ್ನಲ್ಲಿ ಇದ್ದದ್ದೂ 65 ವ್ಯಾಟಿನದೇ. ಮನೆಯವಳಿಗೆ ಆಫೀಸ್ ಕೆಲಸಕ್ಕೆ ಬೇಕು ಅಂತ ಹೇಳಿದ್ದೆ. ಮೂರನೇ ವರ್ಷ ಪಂಪು ಗೊಳ ಗೊಳ ಅನ್ನೋಕೆ ಶುರು ಮಾಡ್ತು. "ಏನ್ರೀ, ಮೀನಿನ ತೊಟ್ಟಿ ತಂದಿದೀರಾ?" ಅಂದಳು. ಒಂದು ತಿಂಗಳಲ್ಲಿ ಪಂಪ್ ನಿಂತೇಹೋಯ್ತು. ಆ ಪೋಸ್ಟ್ ಇಲ್ಲಿ ಹಾಕಿರಲಿಲ್ಲ, ಮಾನ ಮುಖ್ಯ. ಹಾಗಾಗಿ ಬೆಕ್ಕು ನೋಡ್ತಾ ನಿಂತ ಹುಡುಗನ ಮುಖ ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ಭಾನುವಾರ ಬೆಳಿಗ್ಗೆ ಕ್ಯಾಬಿನೆಟ್ ಬಿಚ್ಚಿದ್ವಿ. ಅಯ್ಯೋ! ಹಳೇ ಕೂಲರಿನ ರೆಕ್ಕೆಗಳ ಮಧ್ಯೆ ಬಳ್ಳಾರಿಯ ಕೆಂಪು ಧೂಳು ಕಂಬಳಿ ತರ ಹೆಣೆದುಕೊಂಡಿತ್ತು. ಬೆರಳಲ್ಲಿ ಎಳೆದರೆ ಇಡೀ ಪದರವೇ ಕಿತ್ಕೊಂಡು ಬಂತು. ಹಳೇ ಹಲ್ಲುಜ್ಜೋ ಬ್ರಶ್ ತಗೊಂಡು ಅರ್ಧ ಗಂಟೆ ಉಜ್ಜಿದೆ. ಮುಚ್ಚಿ ಆಡಿಸಿ ನೋಡಿದರೆ 88 ಡಿಗ್ರಿ ತೋರಿಸ್ತಿದ್ದದ್ದು 74ಕ್ಕೆ ಇಳೀತು. ಬ್ರಶ್ಶಿನ ಬೆಲೆ ಇಪ್ಪತ್ತು ರೂಪಾಯಿ. ಅದೂ ಬಿಳೀ ಬಣ್ಣದ್ದೇ.

ಆಮೇಲೆ ಪಾಠ ಶುರು ಮಾಡಿದೆ. "ನೋಡು ಪುಟ್ಟಾ, ಎಎಂ4ನಲ್ಲಿ ಪಿನ್ನುಗಳು ಇರೋದು ಪ್ರೊಸೆಸರಿನ ಹೊಟ್ಟೆ ಕೆಳಗೆ, 1331 ಪಿನ್ನು. ಕೂಲರಿಗೆ ಶಾಖ ದಾಟಿಸೋಕೆ ಅದರ ಮೇಲೆ ಹಚ್ಚಿದ ಹಳೇ ಪೇಸ್ಟ್ ಒಣಗಿ ಅಂಟ್ಕೊಂಡಿರುತ್ತೆ. ಮೊದಲು ಮೆಷಿನ್ ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಬೇಕು, ಆಮೇಲೆ ಕೂಲರನ್ನ ಆ ಕಡೆ ಈ ಕಡೆ ತಿರುಚಿ ಬಿಡಿಸಬೇಕು, ನೇರ ಎತ್ತಬಾರದು" ಅಂತ. ಬಯಾಸ್ ಅಪ್‌ಡೇಟ್ ಮಾಡಿ, ತಿಂಡಿ ತಿಂದು, ಅಷ್ಟರಲ್ಲಿ ಮೆಷಿನ್ ತಣ್ಣಗಾಗಿ, ನಾನೇ ಹೋಗಿ ನಾಲ್ಕು ಸ್ಕ್ರೂ ಬಿಚ್ಚಿ ಕೂಲರನ್ನ ನೇರ ಎತ್ತಿದೆ. ಟಕ್ ಅಂತು. ಪ್ರೊಸೆಸರು ಕೂಲರಿನ ತಳಕ್ಕೆ ಅಂಟ್ಕೊಂಡು ಸಾಕೆಟ್ಟಿಂದ ಕಿತ್ಕೊಂಡು ಬಂದಿತ್ತು. ಮೂಲೆಯ ಮೂರು ಪಿನ್ನು ಸೊಟ್ಟ. ಹುಡುಗ ಏನೂ ಮಾತಾಡಲಿಲ್ಲ. ಆ ಮೌನಕ್ಕಿಂತ ಎರಡು ಬೈದಿದ್ದರೆ ವಾಸಿಯಿತ್ತು. ಆ 2600 ಅನ್ನ ಅವನ ಸ್ನೇಹಿತ ಎರಡು ಸಾವಿರಕ್ಕೆ ತಗೊಳ್ತೀನಿ ಅಂದಿದ್ದನಂತೆ. ಕಡ್ಡಿ ತೆಗೆದ ಪೆನ್ ಪೆನ್ಸಿಲ್ಲಿನ ತುದಿಗೆ ಒಂದೊಂದೇ ಪಿನ್ ತೂರಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ನಲವತ್ತೈದು ವಯಸ್ಸು, ಕನ್ನಡಕ ಹಣೆ ಮೇಲೆ, ಕೈ ನಡುಗ್ತಾ ಇತ್ತು. ಮೂರೂ ನೆಟ್ಟಗಾದವು ಅಂತ ಇಟ್ಕೊಂಡಿದ್ದೀನಿ, ಆ ಸ್ನೇಹಿತ ಫೋನ್ ಮಾಡೋವರೆಗೆ.

ಹೊಸದು ಸಲೀಸಾಗಿ ಕೂತ್ಕೊಳ್ತು. ಬಟಾಣಿ ಕಾಳಿನಷ್ಟು ಪೇಸ್ಟು, ಟವರು ಮೇಲೆ, ಸ್ಕ್ರೂಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ್ವಿ. ಆಟದಲ್ಲಿ 62 ಡಿಗ್ರಿ, 144ರ ಕೆಳಗೆ ಇಳೀತಾ ಇಲ್ಲ. ರಾತ್ರಿ ಬಸ್ಸಿಗೆ ಹತ್ತಿಸುವಾಗ, ನಿಲ್ಲಿಸಬೇಡ, ಬೋರ್ಡು ಕೆಳಗೆ ಬರೋ ಹಾಗೆ ಮಲಗಿಸಿ ಇಟ್ಕೋ, ಟವರಿನ ಭಾರಕ್ಕೆ ಬೋರ್ಡು ಜಗ್ಗುತ್ತೆ ಅಂತ ಮೂರು ಸಲ ಹೇಳಿದೆ. ಮಿಕ್ಕ ಎಂಟು ಸಾವಿರ ಚಿಲ್ಲರೆ ಅಕ್ಕನಿಗೆ ಫೋನ್‌ಪೇ ಮಾಡಿದೆ.

ಈಗ ಇದನ್ನ ಬರೀತಾ ಇರೋ ಹಾಗೇ ವಾಟ್ಸಾಪಿಗೆ ಅವನ ಫೋಟೋ ಬಂತು. "ಮಾಮ, ಇಲ್ಲಿ 73 ಇದೆ, ಸೂಪರ್" ಅಂತ ಬರೆದಿದ್ದಾನೆ. ಗಾಜಿನ ಒಳಗೆ, ನಾನು ಹಾಕಿಸಿದ ಕಪ್ಪು ಟವರಿನ ಸುತ್ತ, ಹಸಿರು, ಕೆಂಪು, ನೀಲಿ ಮಿಣಿ ಮಿಣಿ. ಹಿಂದೆಯೇ ಅಕ್ಕನ ಫೋನು: "ಏನೋ, ಗಣಪತಿ ಹಬ್ಬದ ಸೀರಿಯಲ್ ಸೆಟ್ಟು ಕಾಣಿಸ್ತಿಲ್ಲ, ಇವನೇನಾದ್ರೂ ನಿಮ್ಮನೆಗೆ ತಂದಿದ್ನಾ?"